ಜಿಲ್ಲಾ ಪಂಚಾಯಿತಿ ಚುನಾವಣೆ ಸಿಕ್ಕಿಕೊಂಡಿದ್ದು ಎಲ್ಲಿ?

ಕರ್ನಾಟಕದ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. ಆಗ ಗೆದ್ದವರ ಅವಧಿ 2021ರ ಏಪ್ರಿಲ್–ಮೇ ಹೊತ್ತಿಗೆ ಮುಗಿಯಿತು. ಹೊಸಬರು ಬರಬೇಕಿತ್ತು, ಬರಲಿಲ್ಲ. ಮುಂದಿನ ನಾಲ್ಕು ವರ್ಷವೂ ಬರಲಿಲ್ಲ. ಎಲ್ಲದಕ್ಕೂ ಕೊರೊನಾ ಕಾರಣ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಮೊದಲ ಕೆಲವು ತಿಂಗಳಿಗೆ ಅದು ಸರಿ. ಆಮೇಲಿನ ಕಥೆಯಲ್ಲಿ ವಿಧಾನಸೌಧದಲ್ಲಿ ಪಾಸಾದ ಒಂದು ತಿದ್ದುಪಡಿ ಇದೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1959ರ ಪಂಚಾಯಿತಿ ಕಾಯ್ದೆಯಲ್ಲಿ ತಾಲೂಕು ಬೋರ್ಡುಗಳಿದ್ದವು. ಜಿಲ್ಲಾ ಮಟ್ಟದಲ್ಲಿದ್ದ ಅಭಿವೃದ್ಧಿ ಪರಿಷತ್ತಿಗೆ ಡಿಸಿಯೇ ಮುಖ್ಯಸ್ಥರು. ಅಲ್ಲಿ ಜನರು ಆರಿಸಿದವರ ಮಾತಿಗೆ ಬೆಲೆ ಕಡಿಮೆ ಇತ್ತು. ಇದನ್ನು ತಲೆಕೆಳಗು ಮಾಡಿದ್ದು 1983ರ ಕಾಯ್ದೆ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. ಕಾಯ್ದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಸಿಗುವಾಗ 1985 ಆಗಿತ್ತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಆ ಕಾಯ್ದೆಯ ಧೈರ್ಯ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಈಗಿನ ಜಿಲ್ಲಾ ಪಂಚಾಯಿತಿಗೆ ಆಗ ಜಿಲ್ಲಾ ಪರಿಷತ್ ಅಂತ ಹೆಸರು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಅಂದರೆ ಡಿಸಿಗಿಂತ ಹಿರಿಯ ಐಎಎಸ್ ಅಧಿಕಾರಿ, ಅವರು ಕೆಲಸ ಮಾಡಬೇಕಾದದ್ದು ಅಧ್ಯಕ್ಷರ ಕೈಕೆಳಗೆ. ಡಿಸಿಯೇ ಜಿಲ್ಲೆಗೆ ದೊರೆ ಅನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೆಂಗಸರಿಗೆ ಶೇ 25 ಮೀಸಲು ಇತ್ತು. ದೇಶ ಆಗಿನ್ನೂ ಅದರ ಬಗ್ಗೆ ಯೋಚನೆ ಮಾಡುತ್ತಿತ್ತು, ಅಷ್ಟೆ.

ಆದರೆ ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1989ರಲ್ಲಿ ಸರ್ಕಾರ ಬದಲಾಯಿತು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿದರು. ಜಿಲ್ಲಾ ಮಟ್ಟಕ್ಕೆ ಮತ್ತೆ ಚುನಾಯಿತರು ಬಂದದ್ದು 1995ರಲ್ಲಿ. ಈಗಿನದು ಮೊದಲ ಸಲದ ಆಟ ಅಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಇಂಥದ್ದು ಇನ್ನು ಆಗಬಾರದು ಅಂತಲೇ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಐದು ವರ್ಷ ಮುಗಿಯುವುದರ ಒಳಗೆ ಚುನಾವಣೆ ಆಗಲೇಬೇಕು ಅನ್ನುತ್ತದೆ ವಿಧಿ 243-ಇ. ಅದನ್ನು ನಡೆಸೋದು ಸ್ವತಂತ್ರ ರಾಜ್ಯ ಚುನಾವಣಾ ಆಯೋಗ ಅನ್ನುತ್ತದೆ ವಿಧಿ 243-ಕೆ. ಅದೇ ವರ್ಷ ಕರ್ನಾಟಕವೂ ಹೊಸ ಕಾಯ್ದೆ ತಂದಿತು. 1995, 2000, 2005, 2010, 2016: ಸ್ವಲ್ಪ ಹಿಂದೆ ಮುಂದೆ ಆದರೂ ಚುನಾವಣೆ ನಡೆಯುತ್ತಾ ಬಂತು. ಈ ನಡುವೆ ಮಹಿಳಾ ಮೀಸಲು ಶೇ 50ಕ್ಕೆ ಏರಿತು. ಕಾಯ್ದೆಯ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿಕೊಂಡಿತು.

ಒಂದು ಸಂದಿ ಮಾತ್ರ ಉಳಿದುಬಿಟ್ಟಿತ್ತು. ಚುನಾವಣೆ ನಡೆಸೋದು ಆಯೋಗ, ಸರಿ. ಆದರೆ ಎಷ್ಟು ಸೀಟು, ಯಾವ ಊರು ಯಾವ ಕ್ಷೇತ್ರಕ್ಕೆ, ಯಾವ ಕ್ಷೇತ್ರ ಯಾರಿಗೆ ಮೀಸಲು? ಇದನ್ನೆಲ್ಲ ಯಾರು ಮಾಡಬೇಕು ಅನ್ನೋದನ್ನು ಸಂವಿಧಾನ ರಾಜ್ಯದ ಕಾನೂನಿಗೆ ಬಿಟ್ಟಿದೆ. ಮೀಸಲಾತಿ ಪಟ್ಟಿ ಹೊರಬೀಳದೆ ಆಯೋಗ ಚುನಾವಣೆ ಘೋಷಿಸಲು ಆಗುವುದಿಲ್ಲ. ಅಂದ ಮೇಲೆ ಪಟ್ಟಿ ಯಾರ ಕೈಯಲ್ಲಿದೆಯೋ ಚುನಾವಣೆಯ ದಿನವೂ ಅವರ ಕೈಯಲ್ಲೇ ಇದ್ದ ಹಾಗೆ, ಅಲ್ವಾ?

ಕರ್ನಾಟಕದಲ್ಲಿ ಆ ಕೆಲಸ ಚುನಾವಣಾ ಆಯೋಗದ ಹತ್ತಿರವೇ ಇತ್ತು. 2021ರಲ್ಲಿ ಆಯೋಗ ಕ್ಷೇತ್ರಗಳ ಮರುವಿಂಗಡಣೆ ಮುಗಿಸಿ, ಜುಲೈನಲ್ಲಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದಿತು. ಆ ಅಧಿಕಾರ ಆಯೋಗದಿಂದ ಹೊರಹೋಯಿತು. ಸರ್ಕಾರವೇ ನೇಮಿಸುವ ಸೀಮಾ ನಿರ್ಣಯ ಆಯೋಗ ಹುಟ್ಟಿಕೊಂಡಿತು. ಆಗಿದ್ದ ಕೆಲಸವೆಲ್ಲ ಸುಮ್ನೆ ಹೋಯಿತು, ಮತ್ತೆ ಒಂದರಿಂದ ಎಣಿಕೆ.

ಇದರ ಜೊತೆಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆಯೂ ಸೇರಿಕೊಂಡಿತು. ರಾಜಕೀಯವಾಗಿ ಯಾರು ಹಿಂದುಳಿದಿದ್ದಾರೆ ಅನ್ನೋದಕ್ಕೆ ಪ್ರತ್ಯೇಕ ಅಧ್ಯಯನ ಬೇಕು ಅಂತ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲೇ ಹೇಳಿತ್ತು. ಅದಕ್ಕಾಗಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ ರಚನೆಯಾಗಿ, 2022ರಲ್ಲಿ ವರದಿ ಕೊಟ್ಟಿತು. ಈ ಕಾರಣ ನಿಜವಾದದ್ದೇ, ತಳ್ಳಿಹಾಕುವ ಹಾಗಿಲ್ಲ. ಆದರೆ ವರದಿ ಬಂದ ಮೇಲೂ ವರ್ಷಗಳು ಉರುಳಿದವು. 2023ರಲ್ಲಿ ಬಿಜೆಪಿ ಹೋಗಿ ಕಾಂಗ್ರೆಸ್ ಬಂತು, ಚುನಾವಣೆ ಬರಲಿಲ್ಲ. ಮರುವಿಂಗಡಣೆಯ ನೆಪದಲ್ಲಿ ಸ್ಥಳೀಯ ಚುನಾವಣೆ ಮುಂದೂಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಹೇಳಿಯಾಗಿದೆ.

ಇದರ ಬಿಸಿ ತಟ್ಟೋದು ಹಳ್ಳಿಗಳಿಗೆ. ಜಿಲ್ಲಾ ಪಂಚಾಯಿತಿಯಲ್ಲಿ ಆಡಳಿತಾಧಿಕಾರಿ ಮತ್ತು ಸಿಇಒ ಇದ್ದಾರೆ, ಸದಸ್ಯರಿಲ್ಲ. ಜಿಲ್ಲೆಯ ಅಭಿವೃದ್ಧಿ ಯೋಜನೆ ತಯಾರಿಸುವ ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಜನ ಜಿಲ್ಲಾ ಪಂಚಾಯಿತಿ, ನಗರಸಭೆಯಂಥ ಸಂಸ್ಥೆಗಳ ಚುನಾಯಿತರಾಗಿರಬೇಕು. ಸದಸ್ಯರೇ ಇಲ್ಲದ ಮೇಲೆ ಅವರನ್ನು ಎಲ್ಲಿಂದ ತರೋದು? ಹಣಕಾಸು ಆಯೋಗದ ಅನುದಾನಕ್ಕೂ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದೆ. ಶಾಸಕರಿಗೆ ಮಾತ್ರ ಇದರಿಂದ ದೊಡ್ಡ ನಷ್ಟವೇನಿಲ್ಲ. ತಾಲೂಕಿನಲ್ಲಿ ಎದುರು ಮಾತಾಡುವ ಇನ್ನೊಬ್ಬ ಚುನಾಯಿತ ಇಲ್ಲದಿದ್ದರೆ ಅವರಿಗೆ ಆರಾಮವೇ. ಪಕ್ಷ ಯಾವುದಾದರೂ ಅವಸರ ಕಾಣದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಹಾಗಂತ ಸೀಮಾ ನಿರ್ಣಯ ಆಯೋಗ ಇರೋದೇ ತಪ್ಪು ಅನ್ನುವಂತಿಲ್ಲ. ಪಕ್ಕದ ಕೇರಳದಲ್ಲೂ ಅಂಥದ್ದೇ ಒಂದಿದೆ. ಅಲ್ಲಿ ಅದರ ಅಧ್ಯಕ್ಷರು ರಾಜ್ಯ ಚುನಾವಣಾ ಆಯುಕ್ತರೇ. ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದ ಮೇಲೂ ಅಲ್ಲಿ 2025ರ ಡಿಸೆಂಬರ್‌ನಲ್ಲಿ ಮತದಾನ ನಡೆಯಿತು. ಅದಕ್ಕೂ ಹಿಂದಿನದು ನಡೆದದ್ದು 2020ರ ಡಿಸೆಂಬರ್‌ನಲ್ಲಿ, ಕೊರೊನಾ ನಡುವೆಯೇ.