ಮಿದುಳು ಜ್ವರ: ಕೇಳದೇ ಉಳಿದ ಪ್ರಶ್ನೆಗಳು

ಎರಡು ಮೂರು ದಿನ ಜ್ವರ, ಆಮೇಲೆ ಫಿಟ್ಸ್, ಕೊನೆಗೆ ಕರೆದರೂ ಕಣ್ಣು ಬಿಡದ ಮಗು. ಐಸಿಯುನಲ್ಲಿ ಅದನ್ನು ಮಗ್ಗುಲಿಗೆ ಮಲಗಿಸಿ, ಮಂಡಿ ಎದೆಗೆ ತಾಗುವಂತೆ ಬಗ್ಗಿಸಿ ಹಿಡಿದು, ಬೆನ್ನಿನ ನೀರು, ಅಂದರೆ ಮಿದುಳು, ಬೆನ್ನುಹುರಿಯನ್ನು ಸುತ್ತುವರಿದ ದ್ರವ ತೆಗೆಯುತ್ತಾರೆ. ತೊಟ್ಟು ತೊಟ್ಟಾಗಿ ಸಿಗುವುದು ಒಂದೆರಡು ಮಿಲಿಲೀಟರ್. ಯಾವ ರೋಗಾಣು ಎಂಬುದನ್ನು ಬಹುಮಟ್ಟಿಗೆ ಅಷ್ಟರಲ್ಲೇ ಹುಡುಕಬೇಕು.

ನಮ್ಮಲ್ಲಿ ಬಹುಕಾಲ ಮೊದಲ ಗುಮಾನಿ ಹೋಗುತ್ತಿದ್ದುದು ಸೊಳ್ಳೆಯಿಂದ ಹರಡುವ ವೈರಸ್ ರೋಗ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಜೆಇ ಮೇಲೆ. ಅದು ಕಾಣಿಸಿಕೊಂಡದ್ದು 1955ರಲ್ಲಿ ವೆಲ್ಲೂರು, 70ರ ದಶಕದ ಕೊನೆಗೆ ಕೋಲಾರ, 2005ರಲ್ಲಿ ಗೋರಖಪುರ. ಆ ಒಂದು ವರ್ಷ ಉತ್ತರ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು, ಹೆಚ್ಚಿನವರು ಮಕ್ಕಳು. 2006ರಿಂದ ಲಸಿಕೆ ಶುರುವಾಯಿತು.

ಜೆಇ ಇಳಿಯಿತು, ಆದರೆ ಗೋರಖಪುರದ ವಾರ್ಡುಗಳು ಖಾಲಿಯಾಗಲಿಲ್ಲ. ಮಳೆಗಾಲ ಬಂತೆಂದರೆ ಅದೇ ಲಕ್ಷಣದ ಮಕ್ಕಳು ಬರುತ್ತಿದ್ದರು, ಜೆಇ ಪರೀಕ್ಷೆ ನೆಗೆಟಿವ್ ಆಗುತ್ತಿತ್ತು. ಕುಡಿಯುವ ನೀರಿನ ಮೇಲೆ ಅನುಮಾನ ಬಂತು. 2015ರ ಹೊತ್ತಿಗೆ ರಕ್ತದಲ್ಲಿ ಬೇರೆಯದೇ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಣಾ ಪ್ರೋಟೀನ್) ಹುಡುಕಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸ್ಕ್ರಬ್ ಟೈಫಸ್‌ನ ಸುಳಿವು ಸಿಕ್ಕಿತು. ಪೊದೆ, ಹುಲ್ಲಿನಲ್ಲಿರುವ ಸಣ್ಣ ನುಸಿಮರಿ ಕಚ್ಚಿ ಹರಡುವ ರೋಗ ಅದು. ಕೆಲವರ ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟ್ ಸುಟ್ಟಂಥ ಕಪ್ಪು ಕಲೆ ಇರುತ್ತದೆ. ಮದ್ದು ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್, ಯಾವ ಮೆಡಿಕಲ್ ಶಾಪಿನಲ್ಲೂ ಅಗ್ಗಕ್ಕೆ ಸಿಗುವಂಥದ್ದು. ಇದನ್ನು ಬರೆಯುವಾಗ ಹೊಟ್ಟೆ ಕಿವುಚುತ್ತದೆ.

ನಿರ್ದಿಷ್ಟ ರೋಗಾಣುವಿನ ಡಿಎನ್ಎ ಅಥವಾ ಆರ್‌ಎನ್‌ಎ ಹುಡುಕುವ ಪಿಸಿಆರ್ ಆಗಲಿ, ಪ್ರತಿಕಾಯ ಪರೀಕ್ಷೆಯಾಗಲಿ, ನಾವು ಕೇಳಿದ್ದಕ್ಕೆ ಮಾತ್ರ ಹೌದು, ಇಲ್ಲ ಎನ್ನುತ್ತವೆ. ಮೆಟಾಜೀನೋಮಿಕ್ ಸೀಕ್ವೆನ್ಸಿಂಗ್ ಹಾಗಲ್ಲ. ಬೆನ್ನಿನ ನೀರಿನಲ್ಲಿರುವ ಡಿಎನ್ಎ, ಆರ್‌ಎನ್‌ಎ ಚೂರುಗಳನ್ನೆಲ್ಲ ಓದಿ, ಬಹುಪಾಲು ಮಗುವಿನದೇ ಆಗಿರುವುದನ್ನು ಬದಿಗಿಟ್ಟು, ಉಳಿದದ್ದು ಯಾವ ಜೀವಿಯದೆಂದು ತಾಳೆ ನೋಡುತ್ತದೆ. 2014ರಲ್ಲಿ ಅಮೆರಿಕದ 14 ವರ್ಷದ ಹುಡುಗನೊಬ್ಬನ ಮಿದುಳಿನ ತುಣುಕು ತೆಗೆದು ನೋಡಿದರೂ ಗೊತ್ತಾಗದ ಕಾರಣವನ್ನು ಇದು 48 ಗಂಟೆಯೊಳಗೆ ಹೇಳಿತು: ಲೆಪ್ಟೋಸ್ಪೈರಾ, ನಮ್ಮ ಇಲಿಜ್ವರದ ಬಳಗದ್ದು. ಪೆನಿಸಿಲಿನ್‌ಗೆ ಹುಡುಗ ಚೇತರಿಸಿಕೊಂಡ.

ಹಾಗೆಂದು ಎಲ್ಲಕ್ಕೂ ಇದೇ ಸಾಕಾಗದು. 2019ರ ಅಮೆರಿಕದ ಅಧ್ಯಯನದಲ್ಲಿ ಪತ್ತೆಯಾದ 58 ಸೋಂಕುಗಳಲ್ಲಿ 13 ಸಿಕ್ಕಿದ್ದು ಸೀಕ್ವೆನ್ಸಿಂಗ್‌ಗೆ ಮಾತ್ರ. 26 ಅದರ ಕೈತಪ್ಪಿದವು. ಜೆಇ ವೈರಸ್ ಕೂಡ ಮಗು ಆಸ್ಪತ್ರೆ ಸೇರುವ ಹೊತ್ತಿಗೆ ಎಷ್ಟೋ ಸಲ ಮಾಯವಾಗಿ, ಪ್ರತಿಕಾಯವಷ್ಟೇ ಉಳಿದಿರುತ್ತದೆ. ಹಳೆಯ ಪರೀಕ್ಷೆ ಬಿಡುವಂತಿಲ್ಲ.

ನಮ್ಮಂಥ ದೇಶಕ್ಕೆ ಹೊಂದುವ ದಾರಿ ಢಾಕಾದ್ದು ಎನಿಸುತ್ತದೆ. ಅಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆಂಜುತಿ ಸಾಹಾ ಅವರ ತಂಡ, ಕಾರಣ ಸಿಗದೆ ಉಳಿದಿದ್ದ ಮಕ್ಕಳ ಬೆನ್ನಿನ ನೀರನ್ನು ಸೀಕ್ವೆನ್ಸ್ ಮಾಡಿದಾಗ ಚಿಕೂನ್‌ಗುನ್ಯಾ ವೈರಸ್ ಕಂಡಿತು. ಕೀಲುನೋವಿನ ರೋಗವೆಂದೇ ಎಲ್ಲರೂ ತಿಳಿದದ್ದು ಅದು. ಮುಂದಿನ ಹೆಜ್ಜೆಗೆ ಸೀಕ್ವೆನ್ಸರ್ ಬೇಕಾಗಲಿಲ್ಲ. ಆ ಒಂದು ವೈರಸ್‌ಗೆಂದೇ ಪಿಸಿಆರ್ ಮಾಡಿ, 2017ರ ಉಳಿದ ಸ್ಯಾಂಪಲ್‌ಗಳಲ್ಲಿ ಇನ್ನೂ 17 ಮಕ್ಕಳನ್ನು ಗುರುತಿಸಿದರು. ಇದೆಲ್ಲ ಆದದ್ದು, 'ಕಾರಣ ಗೊತ್ತಿಲ್ಲ' ಎಂದು ಬರೆದ ಮೇಲೂ ಆ ಮಕ್ಕಳ ಬೆನ್ನಿನ ನೀರನ್ನು ಚೆಲ್ಲದೆ ಫ್ರೀಜರ್‌ನಲ್ಲಿ ಜೋಪಾನ ಮಾಡಿದ್ದರಿಂದ.