ಒಬ್ಬನೇ ಸೈನಿಕ ಫ್ರಾನ್ಸಿನಲ್ಲೂ ಕೊಹಿಮಾದಲ್ಲೂ ಇದ್ದದ್ದು ಹೇಗೆ?

ಪ್ರಶ್ನೆ: ಎರಡನೆಯ ಮಹಾಯುದ್ಧದ ಬ್ರಿಟಿಷ್ ಸೈನಿಕರ ಬಗ್ಗೆ ಓದುವಾಗ, 1940ರಲ್ಲಿ ಫ್ರಾನ್ಸಿನಲ್ಲಿದ್ದವನು 1944ರಲ್ಲಿ ನಾಗಾ ಬೆಟ್ಟಗಳಲ್ಲಿ ಕಾಣಿಸುತ್ತಾನೆ. ಇಷ್ಟು ರಣರಂಗಗಳಿಗೆ ಅವನಾಗಿ ಕೇಳಿಕೊಂಡು ಹೋಗುತ್ತಿದ್ದನೇ?

ಕೇಳಿಕೊಂಡು ಹೋದವರು ಕೆಲವರಿದ್ದರು. ಕಮಾಂಡೊ ಮತ್ತು ಪ್ಯಾರಾಶೂಟ್ ಪಡೆಗಳಿಗೆ ಮುಂದೆ ಬಂದು ಹೆಸರು ಕೊಟ್ಟವರನ್ನೇ ಆರಿಸುತ್ತಿದ್ದರು. ಉಳಿದ ಸಾಮಾನ್ಯ ಸಿಪಾಯಿಯನ್ನು ಯಾರೂ ಕೇಳುತ್ತಿರಲಿಲ್ಲ. ಅವನು ಒಂದು ಬೆಟಾಲಿಯನ್ನಿಗೆ ಸೇರಿದವನು. ಮೂರು ಬೆಟಾಲಿಯನ್ ಸೇರಿದರೆ ಒಂದು ಬ್ರಿಗೇಡ್. ಮೂರು ಬ್ರಿಗೇಡಿಗೆ ಫಿರಂಗಿ, ಎಂಜಿನಿಯರು, ವೈದ್ಯರು ಕೂಡಿಕೊಂಡರೆ ಒಂದು ಡಿವಿಷನ್. ಲಂಡನ್ನಿನಲ್ಲಿ ಕುಳಿತವರು ಭೂಪಟದ ಮೇಲೆ ಅತ್ತಿತ್ತ ಸರಿಸುತ್ತಿದ್ದದ್ದು ಈ ಡಿವಿಷನ್ನುಗಳನ್ನು. ಸಾವಿರಾರು ಜನ ಒಟ್ಟಿಗೆ ಹಡಗು ಹತ್ತುತ್ತಿದ್ದರು. ಎಲ್ಲಿಗೆ ಹೊರಟಿದ್ದೇವೆ ಎಂಬುದು ಎಷ್ಟೋ ಸಲ ನಡುಗಡಲಿನಲ್ಲಿ ಗೊತ್ತಾಗುತ್ತಿತ್ತು.

ರಾಯಲ್ ನಾರ್ಫೋಕ್ ರೆಜಿಮೆಂಟಿನ ಕಥೆಯನ್ನೇ ನೋಡಿ. ರೆಜಿಮೆಂಟ್ ಎಂದರೆ ಒಂದೇ ಹೆಸರು ಹೊತ್ತ ಬೆಟಾಲಿಯನ್ನುಗಳ ಬಳಗ; ಅವು ಬೇರೆ ಬೇರೆ ಡಿವಿಷನ್ನುಗಳಲ್ಲಿ ಇರಬಹುದು. ನಾರ್ಫೋಕ್ ಎಂದರೆ ಇಂಗ್ಲೆಂಡಿನ ಪೂರ್ವದ ಅಂಚಿನ ಬಯಲುಸೀಮೆ, ಹೊಲಗದ್ದೆಗಳ ನಾಡು. ಅದರ ಎರಡನೆಯ ಬೆಟಾಲಿಯನ್ 1940ರ ಮೇ ತಿಂಗಳಲ್ಲಿ, ಡಂಕರ್ಕ್ ಬಂದರಿನ ಕಡೆಗೆ ಹಿಮ್ಮೆಟ್ಟುತ್ತಿದ್ದ ಬ್ರಿಟಿಷ್ ಸೇನೆಗೆ ದಾರಿ ಕಾಯುತ್ತಾ, ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಸಿಕ್ಕಿಬಿದ್ದಿತು. ಹಳ್ಳಿಯ ಹೆಸರು ಲ ಪರಾದಿ. ಹೆಸರಿನ ಅರ್ಥ ಸ್ವರ್ಗ. ಮೇ 27ರಂದು ಗುಂಡುಗಳು ಮುಗಿದವು, ಅಲ್ಲಿ ಉಳಿದಿದ್ದವರು ಶರಣಾದರು. ಹಿಟ್ಲರನ ಎಸ್‌ಎಸ್ ಪಡೆಯವರು ಅವರನ್ನು ಕಣಜವೊಂದರ ಗೋಡೆಯ ಪಕ್ಕಕ್ಕೆ ನಡೆಸಿಕೊಂಡು ಹೋಗಿ ಮಷಿನ್‌ಗನ್ ಹಾರಿಸಿದರು. 97 ಜನ ಸತ್ತರು. ಹೆಣಗಳ ನಡುವೆ ಗಾಯಗೊಂಡು ಬಿದ್ದಿದ್ದ ಇಬ್ಬರು ಬದುಕುಳಿದರು. ಯುದ್ಧ ಮುಗಿದ ಮೇಲೆ ಅವರು ಹೇಳಿದ ಸಾಕ್ಷ್ಯದ ಮೇಲೆಯೇ ಆ ತುಕಡಿಯ ಅಧಿಕಾರಿ ಫ್ರಿಟ್ಸ್ ಕ್ನೋಖ್‌ಲೈನ್‌ನನ್ನು 1949ರಲ್ಲಿ ಗಲ್ಲಿಗೇರಿಸಲಾಯಿತು.

ಇಂಗ್ಲೆಂಡಿಗೆ ಮರಳಿದ ಬೆಟಾಲಿಯನ್ನಿಗೆ ಹೊಸಬರನ್ನು ತುಂಬಿದರು. ಹೆಸರು ಅದೇ ಉಳಿಯಿತು, ಹೆಚ್ಚಿನ ಮುಖಗಳು ಬದಲಾದವು. ಎಲ್ಲಾ ಕಡೆಯೂ ಒಬ್ಬನೇ ಸೈನಿಕ ಇದ್ದನೆಂದು ಓದುವವರಿಗೆ ಅನಿಸುವುದಕ್ಕೆ ಇದೂ ಒಂದು ಕಾರಣ. 1942ರ ಏಪ್ರಿಲ್‌ನಲ್ಲಿ, ಈ ಬೆಟಾಲಿಯನ್ ಸೇರಿದ್ದ ಇಡೀ ಎರಡನೆಯ ಡಿವಿಷನ್ ಭಾರತಕ್ಕೆ ಹೊರಟಿತು. ಎರಡು ವರ್ಷದ ನಂತರ ಜಪಾನೀಯರು ಕೊಹಿಮಾಕ್ಕೆ ಮುತ್ತಿಗೆ ಹಾಕಿದಾಗ ಅದನ್ನು ರೈಲು, ವಿಮಾನ, ಲಾರಿಗಳಲ್ಲಿ ಅವಸರವಸರವಾಗಿ ಅಲ್ಲಿಗೆ ಸಾಗಿಸಿದರು. ಬಯಲುಸೀಮೆಯ ಹುಡುಗರು ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ, ಒಂದೊಂದು ದಿಬ್ಬಕ್ಕಾಗಿ ವಾರಗಟ್ಟಲೆ ಕಾದಾಡಿದರು. ಮೇ 6ರಂದು ಇದೇ ಬೆಟಾಲಿಯನ್ನಿನ ಕ್ಯಾಪ್ಟನ್ ಜಾನ್ ರ್‍ಯಾಂಡಲ್, ಗುಂಡೇಟು ತಿಂದೂ ಜಪಾನೀ ಬಂಕರಿನತ್ತ ಓಡಿ, ಅದರ ಕಿಂಡಿಯೊಳಗೆ ಕೈಬಾಂಬು ಹಾಕಿ, ತನ್ನ ಮೈಯನ್ನೇ ಕಿಂಡಿಗೆ ಅಡ್ಡ ಒಡ್ಡಿದರು. ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ಇನ್ನು ಅದೇ ರೆಜಿಮೆಂಟಿನ 4, 5 ಮತ್ತು 6ನೆಯ ಬೆಟಾಲಿಯನ್ನುಗಳು. ನನಗಂತೂ ಇವರ ಪ್ರಯಾಣವೇ ಹೆಚ್ಚು ಕಾಡುತ್ತದೆ. 18ನೆಯ ಡಿವಿಷನ್ನಿನ ಜೊತೆ 1941ರ ಅಕ್ಟೋಬರ್‌ನಲ್ಲಿ ಮಧ್ಯಪ್ರಾಚ್ಯಕ್ಕೆಂದು ಹೊರಟವರು, ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಅಮೆರಿಕದ ಹಡಗುಗಳಿಗೆ ಬದಲಾಗಿ, ಅಟ್ಲಾಂಟಿಕ್ ಸುತ್ತಿ ಕೇಪ್‌ಟೌನ್ ಮುಟ್ಟುವ ಹೊತ್ತಿಗೆ ಜಪಾನ್ ಯುದ್ಧಕ್ಕೆ ಇಳಿದಿತ್ತು. ಹಡಗುಗಳ ದಿಕ್ಕು ತಿರುಗಿತು. 4ನೆಯ ಬೆಟಾಲಿಯನ್ ಸಿಂಗಾಪುರದಲ್ಲಿ ಇಳಿದದ್ದು 1942ರ ಜನವರಿ 29ರಂದು. ಸಿಂಗಾಪುರ ಶರಣಾದದ್ದು ಫೆಬ್ರವರಿ 15ರಂದು. ಮೂರು ತಿಂಗಳ ಸಮುದ್ರಯಾನ, ಹದಿನೇಳು ದಿನದ ಯುದ್ಧ, ಮೂರೂವರೆ ವರ್ಷದ ಸೆರೆ. ಆ ಸೆರೆಯಲ್ಲಿ ಬಹಳ ಜನ ಬರ್ಮಾ-ಸಯಾಂ (ಇಂದಿನ ಥಾಯ್ಲೆಂಡ್) ರೈಲುಮಾರ್ಗದ ಕೂಲಿಗಳಾದರು. ಸಿಂಗಾಪುರದಲ್ಲಿದ್ದ ಮೈಸೂರು ಸಂಸ್ಥಾನದ ಪದಾತಿ ಬೆಟಾಲಿಯನ್ನೂ ಅದೇ ಶರಣಾಗತಿಯಲ್ಲಿ ಸಿಕ್ಕಿಬಿದ್ದಿತು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ರಣರಂಗ ಬದಲಾದರೆ ಶತ್ರುವೂ ಬದಲಾಗುತ್ತಿದ್ದ, ಸರಿ. ಆದರೆ ಬರ್ಮಾದ ಗಡಿಯಲ್ಲಿ ಮೊದಲ ಶತ್ರು ಸೊಳ್ಳೆ. ಅಲ್ಲಿನ ಬ್ರಿಟಿಷ್ ಸೇನೆಯ ದಂಡನಾಯಕ ಜನರಲ್ ವಿಲಿಯಂ ಸ್ಲಿಮ್ ಕೊಟ್ಟ ಲೆಕ್ಕದಂತೆ 1943ರಲ್ಲಿ ಗಾಯಗೊಂಡ ಒಬ್ಬನನ್ನು ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಕಾಯಿಲೆ ಬಿದ್ದ 120 ಜನರನ್ನು ಸಾಗಿಸಬೇಕಾಗುತ್ತಿತ್ತು. ಮಲೇರಿಯಾ ತಡೆಗೆ ದಿನವೂ ಮೆಪಾಕ್ರಿನ್ ಮಾತ್ರೆ ನುಂಗಬೇಕು. ನುಂಗಿದರೆ ಮೈ ಹಳದಿಯಾಗುತ್ತಿತ್ತು. ಗಂಡಸುತನ ಹೋಗುತ್ತದೆ ಎಂಬ ಗಾಳಿಸುದ್ದಿ ಬೇರೆ. ಸ್ಲಿಮ್ ದಿಢೀರನೆ ತಪಾಸಣೆ ಮಾಡಿಸಿದರು. ಮಾತ್ರೆ ನುಂಗಿದವರು ನೂರಕ್ಕೆ 95ಕ್ಕಿಂತ ಕಡಿಮೆ ಎಂದು ಕಂಡರೆ ದಂಡನೆ ಸಿಪಾಯಿಗಲ್ಲ, ದಳಪತಿಗೆ: ಹುದ್ದೆಯಿಂದ ವಜಾ. ಮೂವರನ್ನು ಕಳಿಸುವಷ್ಟರಲ್ಲಿ ಉಳಿದವರಿಗೆ ಬುದ್ಧಿ ಬಂತು. ಈ ಸ್ಲಿಮ್ ಕೂಡ ಸುತ್ತಾಡಿದವರೇ: ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲ್ಲಿಪೊಲಿಯಲ್ಲೂ ಇರಾಕಿನಲ್ಲೂ ಗಾಯಗೊಂಡವರು, ಎರಡನೆಯದರಲ್ಲಿ ಎರಿಟ್ರಿಯಾ, ಇರಾಕ್, ಸಿರಿಯಾ, ಇರಾನ್ ಮುಗಿಸಿ ಬರ್ಮಾಕ್ಕೆ ಬಂದವರು.

ಹೋಗುವುದು ಕೈಯಲ್ಲಿರಲಿಲ್ಲ, ಮರಳುವುದಾದರೂ? ಅದಕ್ಕೂ ಸರದಿ. ಪೈಥಾನ್ ಎಂಬ ಹೆಸರಿನ ಯೋಜನೆಯಡಿ, ಹೊರದೇಶದಲ್ಲಿ ಇಂತಿಷ್ಟು ಕಾಲ ಕಳೆದವನನ್ನು ಊರಿಗೆ ಕಳಿಸುತ್ತಿದ್ದರು. 1945ರ ಜೂನ್‌ನಲ್ಲಿ ಆ ಅವಧಿಯನ್ನು ಮೂರು ವರ್ಷ ಎಂಟು ತಿಂಗಳಿಂದ ಮೂರು ವರ್ಷ ನಾಲ್ಕು ತಿಂಗಳಿಗೆ ಇಳಿಸಿದರು. 1942ರ ಏಪ್ರಿಲ್‌ನಲ್ಲಿ ಹಡಗೇರಿದ್ದ ನಾರ್ಫೋಕಿನವನು ಬೆರಳೆಣಿಸಿ ನೋಡಿರಬೇಕು: ಡಿಸೆಂಬರ್ ಇದ್ದದ್ದು ಆಗಸ್ಟ್ ಆಯಿತು.

ಊರನ್ನು ಅವರು ಕರೆಯುತ್ತಿದ್ದದ್ದು ‘ಬ್ಲೈಟಿ’ ಎಂದು. ಮೂಲ ನಮ್ಮ ವಿಲಾಯತಿಯೇ. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ನಾಲಿಗೆಯಲ್ಲಿ ತಿರುಚಿಕೊಂಡು ಫ್ರಾನ್ಸಿನ ಕಂದಕಗಳವರೆಗೂ ಹೋದ ಪದ. ಹಾಗೆಯೇ ನಾಸಿಕದ ಬಳಿಯ ದೇವಳಾಲಿ. ಊರಿಗೆ ಹೋಗುವ ಹಡಗಿಗಾಗಿ ಸಿಪಾಯಿಗಳು ತಿಂಗಳುಗಟ್ಟಲೆ ಕೊಳೆಯುತ್ತಿದ್ದ ಶಿಬಿರ ಅಲ್ಲಿತ್ತು. ಕಾದು ಕಾದು ತಲೆ ಕೆಟ್ಟವನಿಗೆ ‘ಡೂಲಾಲಿ ಟ್ಯಾಪ್’ ಹಿಡಿದಿದೆ ಎನ್ನುತ್ತಿದ್ದರು. ಡೂಲಾಲಿ ಎಂದರೆ ದೇವಳಾಲಿ. ಟ್ಯಾಪ್ ಎಂದರೆ ಜ್ವರ, ನಮ್ಮ ತಾಪವೇ.