ಗೋಲ್ಡ್‌ಫಿಶ್ ಟ್ಯಾಂಕಿಗೆ ಸಕ್ಕರ್ ಬೇಡ

ಗೋಲ್ಡ್‌ಫಿಶ್ ಸಾಕಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ, ಟ್ಯಾಂಕ್ ಭಾಳ ಹೊಲಸ ಆಗ್ತೈತ್ರಿ. ಒಂದ್ ಸಕ್ಕರ್ ಹಾಕ್ಲೇನ್ರಿ?" ಸಕ್ಕರ್ ಅಂದರೆ ಬಾಯಿಯಿಂದ ಗಾಜಿಗೆ ಅಂಟಿಕೊಳ್ಳುವ ಕರಿ ಮೀನು. ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಇದೇ, ಕೇಶ್ವಾಪುರದಲ್ಲೂ ಇದೇ, ಧಾರವಾಡದ ಸಪ್ತಾಪುರದಲ್ಲೂ ಇದೇ. ಬೇಡ ಅಂದರೆ ಮುಖ ಸಣ್ಣದಾಗುತ್ತದೆ. ಮುಂದಿನ ಸಲ ಹೋದಾಗ ನೋಡಿದರೆ ಗಾಜಿಗೆ ಸಕ್ಕರ್ ಅಂಟಿಕೊಂಡಿರುತ್ತದೆ. "ಕ್ಲೀನರ್ ಮೀನು, ಹೊಲಸೆಲ್ಲ ತಿಂತದ" ಅಂತ ಯಾರೋ ಹೇಳಿ ಕೊಟ್ಟಿರುತ್ತಾರೆ.

ಕೇಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಅವಳಿನಗರದ ಎಷ್ಟೋ ಓಣಿಗಳಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾಯಬೇಕು. ಬ್ಯಾರಲ್ ತುಂಬಿಸಿಟ್ಟ ನೀರನ್ನು ಮೀನಿಗೆ ಸುರಿಯಲು ಯಾರಿಗೆ ಮನಸ್ಸು ಬರುತ್ತದೆ? ನೀರು ಬದಲಿಸದೆ ಟ್ಯಾಂಕ್ ಸ್ವಚ್ಛ ಇಡುವ ಮೀನು ಇದೆ ಅಂದರೆ ನಂಬಬೇಕು ಅನಿಸುತ್ತದೆ. ಆದರೆ ಅಂಥ ಮೀನು ಇಲ್ಲ.

ಸಕ್ಕರ್ ತಿನ್ನುವುದು ಗಾಜಿನ ಮೇಲಿನ ಹಸಿರು ಪಾಚಿಯನ್ನು. ಅದೂ ಮರಿಯಿದ್ದಾಗ ಜಾಸ್ತಿ. ದೊಡ್ಡದಾದಂತೆ ನೀವು ಗೋಲ್ಡ್‌ಫಿಶ್‌ಗೆ ಹಾಕಿದ ಕಾಳಿಗೇ ಬಾಯಿ ಹಾಕುತ್ತದೆ. ಗೋಲ್ಡ್‌ಫಿಶ್‌ನ ಹೇಲನ್ನು ಅದು ತಿನ್ನುವುದಿಲ್ಲ. ಅದು ಏನೇ ತಿಂದರೂ ಅದೇ ನೀರಿನಲ್ಲೇ ಹೊರಗೆ ಹಾಕುತ್ತದೆ. ತಳದಲ್ಲಿ ಬಿದ್ದ ಉದ್ದನೆಯ ಕರಿ ಎಳೆಗಳನ್ನು ನೋಡಿದ್ದೀರಲ್ಲ, ಅವು ಸಕ್ಕರ್‌ದೇ.

ಇನ್ನು ಕಣ್ಣಿಗೆ ಕಾಣದ ಹೊಲಸಿನ ಮಾತು. ಇಲ್ಲೇ ಎಲ್ಲರೂ ಎಡವುವುದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಮೀನು ಕಿವಿರಿನಿಂದಲೇ ಅಮೋನಿಯ ಬಿಡುತ್ತದೆ. ಗೋಲ್ಡ್‌ಫಿಶ್ ತಿನ್ನುವುದೂ ಜಾಸ್ತಿ, ಬಿಡುವುದೂ ಜಾಸ್ತಿ. ಅಮೋನಿಯಕ್ಕೆ ಬಣ್ಣವಿಲ್ಲ. ಮೀನಿಗೆ ತೊಂದರೆ ಕೊಡುವಷ್ಟಿದ್ದರೂ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಗಾಜು ಫಳಫಳ ಹೊಳೆಯುವ ಟ್ಯಾಂಕಿನಲ್ಲೂ ಮೀನು ಅಮೋನಿಯದಿಂದ ಸಾಯಬಹುದು. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುವುದು ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೈಟ್ರೇಟ್ ಹೊರಗೆ ಹೋಗುವುದು ನೀವು ನೀರು ಬದಲಿಸಿದಾಗ. ಈ ಲೆಕ್ಕದಲ್ಲಿ ಸಕ್ಕರ್ ಮಾಡುವ ಕೆಲಸ ಏನೂ ಇಲ್ಲ. ಅಮೋನಿಯ ಬಿಡುವ ಇನ್ನೊಂದು ಮೈ ಸೇರಿತು, ಅಷ್ಟೇ. ಅಂಗಡಿಯಲ್ಲಿ ಎರಡು ಇಂಚು ಇದ್ದದ್ದು ಮುಂದೆ ಒಂದು ಅಡಿ ದಾಟುತ್ತದೆ.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಹೆದರುವಷ್ಟು ದೊಡ್ಡದಲ್ಲ. ಎರಡು ಒರಾಂಡಾ (ಗುಂಡು ಹೊಟ್ಟೆಯ ಗೋಲ್ಡ್‌ಫಿಶ್ ತಳಿ) ಇರುವ 80 ಲೀಟರ್ ಟ್ಯಾಂಕಿಗೆ ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ಸಾಮಾನ್ಯವಾಗಿ ಸಾಕು. ಅಂದರೆ 20 ಲೀಟರ್, ಒಂದು ದೊಡ್ಡ ಬಕೆಟ್. ನಳದ ನೀರಾದರೆ ಅದರ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಔಷಧ ಹಾಕಿ. ತೆಗೆದ ನೀರನ್ನು ಮಲ್ಲಿಗೆ ಬಳ್ಳಿಗೋ ಕರಿಬೇವಿಗೋ ಹಾಕಿ, ಗಿಡಕ್ಕೆ ಅದು ಒಳ್ಳೇ ಗೊಬ್ಬರ. ಫಿಲ್ಟರ್ ಸ್ಪಂಜನ್ನು ಮಾತ್ರ ನಳದ ಕೆಳಗೆ ಹಿಡಿದು ತಿಕ್ಕಬೇಡಿ, ಕ್ಲೋರಿನ್‌ಗೆ ಅದರಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತವೆ. ಈ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ.

ಸಕ್ಕರ್ ಬೇಡ ಅನ್ನಲು ಇನ್ನೊಂದು ಕಾರಣವಿದೆ. ನನಗೆ ಸಿಟ್ಟು ಬರುವುದು ಅದಕ್ಕೇ. ಮಾಳಮಡ್ಡಿಯ ಒಬ್ಬ ಅಜ್ಜಿ ಮೊಮ್ಮಗನಿಗಾಗಿ ರೆಡ್ ಕ್ಯಾಪ್ ಒರಾಂಡಾ ತಂದಿದ್ದರು. ಬೆಳ್ಳನೆಯ ಮೈ, ತಲೆ ಮೇಲೆ ಕೆಂಪು ಟೊಪ್ಪಿಗೆ. ನಾನು ಹೋದಾಗ ಅದು ಮೂಲೆಯಲ್ಲಿ ರೆಕ್ಕೆ ಮಡಚಿ ನಿಂತಿತ್ತು. ಮಗ್ಗುಲಲ್ಲಿ ಎಂಟಾಣೆಯಷ್ಟು ಅಗಲ ಹುರುಪೆ ಕಿತ್ತುಹೋಗಿ, ಅಂಚೆಲ್ಲ ಕೆಂಪಾಗಿತ್ತು. ಫಂಗಸ್ ಅಂತ ಯಾರೋ ಹೇಳಿದ್ದರಿಂದ ಮನೆಯವರು ನೀಲಿ ಔಷಧ ಹಾಕುತ್ತಲೇ ಇದ್ದರು. ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, "ನಸುಕಿನ್ಯಾಗ ಎದ್ದಾಗ ನೋಡೀನ್ರೀ, ಆ ಕರೇ ಮೀನ ಇದರ ಮೈಗೆ ಅಂಟಿಕೊಂಡಿತ್ತು. ಮನ್ಯಾಗ ಯಾರೂ ನಂಬವಲ್ರು" ಅಂದರು. ಅವರು ಕಂಡದ್ದು ಖರೆ. ಗೋಲ್ಡ್‌ಫಿಶ್‌ನ ಮೈಮೇಲೆ ದಪ್ಪ ಲೋಳೆ ಇರುತ್ತದೆ. ಸಕ್ಕರ್‌ಗೆ ಅದರ ರುಚಿ ಹತ್ತಿದರೆ, ದೀಪ ಆರಿದ ಮೇಲೆ ಬಂದು ನೆಕ್ಕುತ್ತದೆ. ನಿಧಾನವಾಗಿ ಈಜುವ ಒರಾಂಡಾ ಕೊಸರಿಕೊಂಡು ಎಲ್ಲಿಗೆ ಓಡೀತು? ಸಕ್ಕರ್ ತೆಗೆಸಿ, ನೀರು ಸರಿಮಾಡಿದ ಮೇಲೆ ಗಾಯ ಮಾಯಿತು. ಅಜ್ಜಿಯ ಕಣ್ಣು ಸೂಕ್ಷ್ಮ. ಅಂಥವರ ಮಾತನ್ನು ಮನೆಯವರು ಕೇಳಬೇಕು.

ಹಾಗಂತ ಮೈಮೇಲಿನ ಗಾಯ ಎಲ್ಲವೂ ಸಕ್ಕರ್‌ದೇ ಅನ್ನಲಾರೆ. ಚೂಪಾದ ಅಲಂಕಾರದ ಕಲ್ಲಿಗೆ ಉಜ್ಜಿರಬಹುದು, ಬ್ಯಾಕ್ಟೀರಿಯಾದಿಂದ ಆದ ಹುಣ್ಣೂ ಇರಬಹುದು. ವಾಟ್ಸಾಪಿನಲ್ಲಿ ಬಂದ ಫೋಟೊ ನೋಡಿ ನಾನು ಔಷಧ ಹೇಳುವುದಿಲ್ಲ. ಬೇಜಾರಾಗಬೇಡಿ.

ಬೇರೆ ಜೊತೆಗಾರರ ವಿಷಯ ಬೇಗ ಮುಗಿಸಬಹುದು. ಟೈಗರ್ ಬಾರ್ಬ್ ಬಾಲದ ರೆಕ್ಕೆ ಕಚ್ಚಿ ಹರಿಯುತ್ತದೆ. ಗಪ್ಪಿ, ಟೆಟ್ರಾ ಸಣ್ಣವು, ಗೋಲ್ಡ್‌ಫಿಶ್ ಬಾಯಿಗೆ ಹಿಡಿಸಿದ್ದನ್ನು ನುಂಗುತ್ತದೆ. ಆಸ್ಕರ್ ಗೋಲ್ಡ್‌ಫಿಶ್ಶನ್ನೇ ನುಂಗುತ್ತದೆ. ಶಾರ್ಕ್ ಅಂತ ಮಾರುವ ಬೂದಿ ಬಣ್ಣದ ಮೀನು ಮೀಟರ್ ಉದ್ದ ಬೆಳೆಯುವ ಜಾತಿ, ಮನೆ ಟ್ಯಾಂಕಿಗೇ ಬೇಡ.

ಏಂಜೆಲ್, ಗೌರಾಮಿಯಂಥ ಮೀನುಗಳ ತೊಂದರೆ ಸ್ವಭಾವಕ್ಕಿಂತ ಜಾಸ್ತಿ ನೀರಿನ ಬಿಸಿಯದ್ದು. ಅವಕ್ಕೆ 25-28 ಡಿಗ್ರಿ ಬೇಕು. ಗೋಲ್ಡ್‌ಫಿಶ್‌ಗೆ 18ರಿಂದ 23 ಹಿತ. ಡಿಸೆಂಬರ್‌ನ ಧಾರವಾಡದ ರಾತ್ರಿಯಲ್ಲಿ ಹೀಟರ್ ಇಲ್ಲದ ನೀರು ತಣ್ಣಗಾಗಿ, ಏಂಜೆಲ್‌ಗೆ ಮೈತುಂಬ ಬಿಳಿ ಚುಕ್ಕೆ ಏಳಬಹುದು, ಗೋಲ್ಡ್‌ಫಿಶ್ ಆರಾಮಾಗಿ ಇರುತ್ತದೆ. ಅದಕ್ಕಂತ ಹೀಟರ್ ಹಾಕಿದಿರೋ, ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಿಡತೊಡಗಬಹುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30ಕ್ಕೆ ಏಳೂವರೆಗೆ ಇಳಿಯುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಏರ್ ಪಂಪ್ ಬಂದ್ ಮಾಡಬೇಡಿ ಅಂತ ನಾನು ಗೋಗರೆಯುವುದು ಇದಕ್ಕೇ.

ಹಾಗಾದರೆ ಜೊತೆಗೆ ಯಾರು? ಇನ್ನೊಂದು ಗೋಲ್ಡ್‌ಫಿಶ್. ಅದೂ ಅದೇ ಮೈಕಟ್ಟಿನದು. ಗುಂಡು ಹೊಟ್ಟೆಯ ಒರಾಂಡಾ, ರ್‍ಯುಕಿನ್, ಫ್ಯಾನ್‌ಟೇಲ್ ಒಂದು ಕಡೆ. ಉದ್ದ ಮೈ, ಒಂಟಿ ಬಾಲದ ಕಾಮೆಟ್, ಶುಬಂಕಿನ್ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಸಾಕಿದ ಮನೆಯಲ್ಲಿ ಕಾಳು ಹಾಕಿ ಸುಮ್ನೆ ನಿಂತು ನೋಡಿ. ಒರಾಂಡಾ ತಿರುಗುವಷ್ಟರಲ್ಲಿ ಕಾಮೆಟ್ ಮೇಲಿನದನ್ನೆಲ್ಲ ತಿಂದು ಮುಗಿಸಿರುತ್ತದೆ. ಉಬ್ಬುಗಣ್ಣಿನ ಬ್ಲ್ಯಾಕ್ ಮೂರ್‌ಗೆ ಸರಿಯಾಗಿ ಕಾಣುವುದಿಲ್ಲ, ಬಬಲ್ ಐಗೆ ಇನ್ನೂ ಕಡಿಮೆ. ಅವನ್ನು ಅವುಗಳ ಜೊತೆಯೇ ಇಡುವುದು ಒಳ್ಳೆಯದು. ಹೊಸದನ್ನು ತಂದರೆ ಎರಡು-ಮೂರು ವಾರ ಬೇರೆ ಟಬ್ಬಿನಲ್ಲಿಟ್ಟು, ಚೆನ್ನಾಗಿ ತಿನ್ನುತ್ತಿದೆಯಾ ನೋಡಿ, ಆಮೇಲೆ ಸೇರಿಸಿ. ಎರಡಕ್ಕೆ 80 ಲೀಟರ್, ಮುಂದಿನ ಒಂದೊಂದಕ್ಕೂ ಇನ್ನೂ 40 ಸೇರಿಸಿ ಅನ್ನುವುದು ನನ್ನ ಲೆಕ್ಕ. ಜಾಗ ಇಲ್ಲವಾದರೆ ಮೂರನೆಯದನ್ನು ತರಬೇಡಿ.

ಈಗಾಗಲೇ ಸಕ್ಕರ್ ತಂದಿದ್ದರೆ ಇವತ್ತು ರಾತ್ರಿಯೇ ಬೇರೆ ಮಾಡಿ. ತಂದ ಅಂಗಡಿಯಲ್ಲೇ ಕೇಳಿನೋಡಿ, ಕೆಲವರು ವಾಪಸ್ ತಗೋತಾರೆ. ಇಟ್ಟುಕೊಳ್ಳುವುದೇ ಆದರೆ ಅದಕ್ಕೂ ದೊಡ್ಡ ಟ್ಯಾಂಕ್, ಹೀಟರ್, ಅಡಗಲು ಒಂದು ಕಟ್ಟಿಗೆ ತುಂಡು, ತಿನ್ನಲು ಸವತೆಕಾಯಿ ಹೋಳು ಬೇಕು. ಪಾಪ, ಅದೂ ಹತ್ತು ವರ್ಷಕ್ಕಿಂತ ಜಾಸ್ತಿ ಬದುಕುವ ಜೀವ. ಪುಣ್ಯ ಬರುತ್ತದೆ ಅಂತ ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಮಾತ್ರ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು. ಕೇರಳ, ಆಂಧ್ರ, ಬಂಗಾಳದ ಕೆರೆ ಹಳ್ಳಗಳಲ್ಲಿ ಆಗಲೇ ಸೇರಿಕೊಂಡು, ಅಲ್ಲಿಯ ಮೀನುಗಾರರ ಬಲೆ ಹರಿಯುತ್ತಿದೆ.